ಮೂವತ್ಮೂರನೆಯ ಒಲೆ

ನನ್ನ ಗಂಟಲಿನಲ್ಲಿ ಹನ್ನೊಂದು ಮಂದಿ ಬಾಡಿಗೆಗಿದ್ದಾರೆ. ಗೋಕಾಕದ ಕಾಲೇಜಿನಲ್ಲಿ ನನಗೆ ರಾಜ್ಯಶಾಸ್ತ್ರ ಕಲಿಸಿದ, ಪ್ರತಿ ವಾಕ್ಯದ ಕೊನೆಗೆ ಮೂಗು ಏರಿಸುತ್ತಿದ್ದ ಸರ್ ಒಬ್ಬರು. ಬೆಲ್ಲದ ಪೇಟೆಯಲ್ಲಿ ಸವಾಲು ಕೂಗುವವನು ಒಬ್ಬ. ಕೋರ್ಟಿನ ಬಾಗಿಲಲ್ಲಿ ಪಕ್ಷಗಾರರ ಹೆಸರು ಕರೆಯುವವನು, ಆ ಹೆಸರಿನವರಿಗೇ ಅದು ತಮ್ಮ ಹೆಸರೆಂದು ತಿಳಿಯದಂತೆ ಕರೆಯುವವನು, ಇನ್ನೊಬ್ಬ. ಹಳೆಯ ಬಸ್ಸಿನ ಗೇರು ಒಂದು. ಬಹಳ ವರ್ಷಗಳ ಪರಿಚಯವಾದ್ದರಿಂದ ಅದನ್ನೂ ಮಂದಿಯ ಲೆಕ್ಕಕ್ಕೇ ಸೇರಿಸಿದ್ದೇನೆ. ಮಿಮಿಕ್ರಿ ಮಾಡುವವನಿಗೆ ಇವರೆಲ್ಲ ಒಳ್ಳೆಯ ಬಾಡಿಗೆದಾರರು. ಕರೆದಾಗ ಬರುತ್ತಾರೆ, ಸಾಕು ಅಂದಾಗ ಹೋಗುತ್ತಾರೆ.

ಹನ್ನೆರಡನೆಯವಳು ಕೆಂಪಾಯಿ. ಬಂದು ಎಂಟು ತಿಂಗಳಾಯಿತು. ಈಗ ಮನೆಯೇ ತನ್ನದು ಅನ್ನುತ್ತಾಳೆ.

ನೀವು ಮೊಬೈಲು ನೋಡುವವರಾದರೆ ಕೆಂಪಾಯಿ ನಿಮಗೆ ಗೊತ್ತು. ನಮ್ಮವ್ವನ ಹಸಿರು ಸೀರೆಯನ್ನು ತಲೆಯ ಮೇಲೆ ಹೊದ್ದು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಮಿಕ್ಸರ್ ಮೇಲೆ, ಕುಕ್ಕರ್ ಮೇಲೆ, ಅಳಿಯನ ಮೇಲೆ ದೂರು ಹೇಳುವ ಮುದುಕಿ. ಅವಳಾಡುವುದು ಯಾರಿಗೂ ತಿಳಿಯದ ಒಂದು ಭಾಷೆ. ಕೆಳಗೆ ಕನ್ನಡದಲ್ಲಿ ಅರ್ಥ ಓಡುತ್ತಿರುತ್ತದೆ. ಪ್ರತಿ ರೀಲು ಶುರುವಾಗುವುದು ಅವಳು ತಂಬಿಗೆ ಮುಂದೆ ಚಾಚಿ ಕೇಳುವ ಪ್ರಶ್ನೆಯಿಂದ: "ಸಿರಕಿ ಲೋಯಾ?" ನೀರು ಕುಡಿಯುತ್ತೀಯಾ ಅಂತ. ನೋಡುವವರು "ಲೋಯಿ" ಅನ್ನಬೇಕು. ಕುಡಿಯುತ್ತೇನೆ ಅಂತ.

ಜನ ಮೊದಲು ನಕ್ಕರು. ಆಮೇಲೆ ಕಲಿತರು. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಅಂಗಡಿಯವನಿಗೆ "ಒಂದ್ ಸಿರಕಿ ಕೊಡ್ರಿ" ಅನ್ನತೊಡಗಿದರು, ಅಂಗಡಿಯವನು ತಣ್ಣಗಿನ ಬಾಟಲಿಯನ್ನೇ ಕೊಡತೊಡಗಿದ. ಹುಕ್ಕೇರಿಯ ಒಂದು ಸಾಲಿಯಲ್ಲಿ ಹುಡುಗಿಯರು ಮಾಸ್ತರರಿಗೆ ತಿಳಿಯಬಾರದೆಂದು ಇದರಲ್ಲೇ ಚೀಟಿ ಬರೆಯುತ್ತಾರಂತೆ. ಎಲ್ಲಿ ಹೋದರೂ ನನಗೊಂದೇ ಪ್ರಶ್ನೆ: "ಇಷ್ಟ ಚಂದ ಭಾಷಾ ಹೆಂಗ ಹುಟ್ಟಿಸಿದ್ರಿ?"

"ಹಂಗ ಬಾಯಾಗ ಬಂತ್ರಿ" ಅನ್ನುತ್ತಿದ್ದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದ್ದರಿಂದಲೇ ಅದು ದೊಡ್ಡ ಸುಳ್ಳು.

ನಮ್ಮವರು ಬೀಸುಕಲ್ಲಿಗೆ ಹಲ್ಲು ಕೊಡುವವರು. ಬೀಸಿ ಬೀಸಿ ನುಣುಪಾದ ಕಲ್ಲನ್ನು ಚಾಣದಿಂದ ಚುಚ್ಚಿ ಮತ್ತೆ ಒರಟು ಮಾಡುವುದು ಕಸುಬು. ಡಿಗ್ರಿ ಇಲ್ಲದ ದಂತವೈದ್ಯರು ಅನ್ನಿ. ಮೂವತ್ತೆರಡು ಒಲೆಗಳು, ಅಂದರೆ ಮೂವತ್ತೆರಡು ಮನೆತನಗಳು, ಘಟಪ್ರಭೆಯ ಎರಡೂ ದಂಡೆಯ ಊರುಗಳಲ್ಲಿ ಬೇರೆ ಬೇರೆಯಾಗಿ ತಿರುಗುತ್ತಿದ್ದವು. ಬಾಯಿಯಲ್ಲೂ ಮೂವತ್ತೆರಡು ಹಲ್ಲು, ಲೆಕ್ಕ ಸರಿಯಾಗಿದೆ ಎಂದು ನನ್ನ ಆಯಿ, ಅಂದರೆ ಅಪ್ಪನ ತಾಯಿ ಅಲ್ಲವ್ವ, ಹೇಳುತ್ತಾಳೆ. ಆಕೆಯ ಬಾಯಲ್ಲೀಗ ಉಳಿದಿರುವುದು ಐದು. ಆ ಮೂವತ್ತೆರಡು ಒಲೆಗಳ ಮಾತು ಇದು. ಇದಕ್ಕೆ ಹೆಸರಿಲ್ಲ. "ನಮ್ದು" ಅನ್ನುತ್ತೇವೆ, ಅಷ್ಟೇ.

ದಾರಿಯಲ್ಲಿ ಇಬ್ಬರು ಎದುರಾದರೆ ಹಿರಿಯರು ನೀರು ಚಾಚಿ "ಸಿರಕಿ ಲೋಯಾ?" ಎಂದು ಕೇಳಬೇಕು. ನಮ್ಮವನಾದವನು "ಲೋಯಿ" ಅಂದು, ಅವರು "ಕೇನಿ ಚೂಲಿ?" ಎಂದಾಗ ತಾನು ಯಾರ ಒಲೆಯವನೆಂದು ಹೇಳಿ, ಕುಡಿಯಬೇಕು. ಅಲ್ಲಿಗೆ ಇಬ್ಬರೂ ಬಳಗ. ರೊಟ್ಟಿ ಹಂಚಿಕೊಂಡು ಮುಂದೆ ಹೋಗುವುದು. ಮಾತು ಬಾರದವನು ಸುಮ್ಮನಿದ್ದರೆ ತಪ್ಪಿಲ್ಲ, ಅವನು ಬೇರೆಯವನು. ಆದರೆ ಮಾತು ಬಂದೂ, ಮೂರು ಸಲ ಕೇಳಿದ ಮೇಲೂ, ಬಾಯಿ ಬಿಡದವನ ಪಾಲಿನ ನೀರನ್ನು ನೆಲಕ್ಕೆ ಸುರಿಯುತ್ತಾರೆ. ಆಮೇಲೆ ಅವನು ಸತ್ತವರ ಲೆಕ್ಕಕ್ಕೆ. ಅಲ್ಲವ್ವಾಯಿ ತನ್ನ ಜೀವಮಾನದಲ್ಲಿ ಒಂದೇ ಸಲ ಹಾಗೆ ಸುರಿದದ್ದನ್ನು ನೋಡಿದ್ದಾಳೆ. ಆ ಮನುಷ್ಯ ಮತ್ತೆ ಇಪ್ಪತ್ತು ವರ್ಷ ಬದುಕಿದ್ದನಂತೆ, ಯಾರೂ ಅವನನ್ನು ಮಾತಾಡಿಸದೆ.

ಇನ್ನು ಅಪ್ಪನ ಕತೆ. ಅಪ್ಪ ಕಲ್ಲಪ್ಪನಿಗೆ ಇಪ್ಪತ್ತು ವರ್ಷವಿದ್ದಾಗ ಹೊಳೆಯಾಚೆಯ ಒಂದು ಊರಿನಲ್ಲಿ, ಒಂದು ಮನೆಯ ಹೊಸ್ತಿಲಲ್ಲಿ ಕೂತು ಕಲ್ಲಿನ ಗುಣದ ಬಗ್ಗೆ ಆಯಿಯೊಂದಿಗೆ ನಮ್ದುವಿನಲ್ಲಿ ಮಾತಾಡಿದ್ದ. ಮರುದಿನ ಆ ಮನೆಯ ಬೆಳ್ಳಿಯ ಉಡಿದಾರ ಕಾಣೆಯಾಯಿತು. ಕಳ್ಳರ ಮಾತಿನಲ್ಲಿ ಗುರುತು ಹೇಳಿಕೊಂಡರು ಅಂತ ತಾಯಿ ಮಗ ಇಬ್ಬರನ್ನೂ ಚಾವಡಿಯ ಕಂಬಕ್ಕೆ ಕಟ್ಟಿದರು. ಸಂಜೆಗೆ ಉಡಿದಾರ ಆ ಮನೆಯ ಅಳಿಯನ ಚೀಲದಲ್ಲೇ ಸಿಕ್ಕಿತು. ಹಗ್ಗ ಬಿಚ್ಚಿದರು. ಅಪ್ಪನ ನಾಲಿಗೆಯದನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಮುಂದೆ ಅವನು ಮೂಡಲಗಿಯಲ್ಲಿ ಮಿಕ್ಸರ್ ರಿಪೇರಿಯ ಅಂಗಡಿ ಹಾಕಿದ. ನಮ್ಮ ಕಸುಬನ್ನು ಕೊಂದ ಯಂತ್ರಕ್ಕೇ ಶುಶ್ರೂಷೆ ಮಾಡುತ್ತ ನಮ್ಮನ್ನು ಸಾಕಿದ. ನಾನು ಹತ್ತು ವರ್ಷದವನಾಗಿ ಗೋಕಾಕದ ಹಾಸ್ಟೆಲಿಗೆ ಹೊರಟ ದಿನ ನನ್ನ ಅಂಗೈಯನ್ನು ಬಿಚ್ಚಿಟ್ಟ ಒಂದು ಮಿಕ್ಸರಿನ ಮೇಲೆ ಇಡಿಸಿ ಹೇಳಿದ: "ಲಖನ, ಆ ಮಾತು ಮಂದಿ ಮುಂದ ನಿನ್ನ ಬಾಯಾಗ ಬರಬಾರ್ದು."

ಆಣೆ ಮಾಡಿದೆ. ಆಣೆಯಲ್ಲಿ ಒಂದು ತೂತು ಹುಡುಕುವುದಕ್ಕೆ ನನಗೆ ಬಿ.ಎ. ಬೇಕಾಯಿತು. ಬಾಯಿ ನನ್ನದು, ಮಾತು ಕೆಂಪಾಯಿಯದು. ಆ ತೂತಿನಿಂದಲೇ ಎಂಟು ತಿಂಗಳು ಉಸಿರಾಡಿದೆ. ಮೊದಲ ರೀಲು ಬಂದ ದಿನದಿಂದ ಅಪ್ಪ ನನಗೆ ಫೋನು ಮಾಡಿರಲಿಲ್ಲ.

ಇಷ್ಟು ನಿಮಗೆ ಗೊತ್ತಿದ್ದರೆ ಫೆಬ್ರುವರಿಯ ಆ ಮಧ್ಯಾಹ್ನ ಹುಕ್ಕೇರಿಯಿಂದ ಗೋಕಾಕದ ಮೇಲೆ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ನಾನು ಯಾಕೆ ಬೆವರುತ್ತಿದ್ದೆ ಎಂಬುದು ತಿಳಿಯುತ್ತದೆ.

ನನ್ನದು ಕಿಟಕಿಯ ಸೀಟು. ಪಕ್ಕದಲ್ಲಿ ಓಂಕಾರ. ಮೊಬೈಲಿನಲ್ಲಿ ನೋಡುವ ಧಾರಾವಾಹಿಗಳನ್ನು ತೆಗೆಯುವ ಕಂಪನಿ ಅವನದು. ಕೆಂಪಾಯಿಯ ನಲವತ್ತು ಕಂತು ತೆಗೆಯುತ್ತಾನಂತೆ. ಹುಕ್ಕೇರಿಯಲ್ಲಿ ಒಂದು ಸನ್ಮಾನ ಮುಗಿಸಿಕೊಂಡು ಹೊರಟಿದ್ದೆವು. ಅವನ ಕಾರು ಭಾವನ ಮದುವೆಗೆ ಹೋಗಿತ್ತು, ಅದಕ್ಕೇ ಬಸ್ಸು. ಮೂರು ಗಂಟೆಗೆ ಗೋಕಾಕದ ವಕೀಲರ ಆಫೀಸಿನಲ್ಲಿ ನಾನೊಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಓಂಕಾರ ಆ ಕಾಗದವನ್ನು ನನ್ನ ತೊಡೆಯ ಮೇಲೆ ಹರಡಿ ಬೆರಳಿಟ್ಟು ತೋರಿಸಿದ:

"ಸದರಿ ಭಾಷೆಯು ಸಂಪೂರ್ಣವಾಗಿ ನನ್ನ ಕಲ್ಪನೆಯಾಗಿದ್ದು, ಯಾವುದೇ ಜನರು ಆಡುವ ಮಾತಿಗೆ ಸಂಬಂಧಪಟ್ಟಿರುವುದಿಲ್ಲ."

"ಇದೊಂದ್ ಸಾಲು ಯಾಕ್ರಿ?" ಅಂದೆ.

"ನಾಳಿಗಿ ಯಾರರೆ ಬಂದು ಇದು ನಮ್ಮ ಭಾಷಾ, ನಮ್ಮನ್ನ ನಗಿಚಾಟಿಕಿ ಮಾಡ್ಯಾರ ಅಂದ್ರ? ಅದಕ್ಕ ಮುಂಜಾಗ್ರತಿ. ನಿಮಗೇನ್ ತ್ರಾಸು? ಹುಟ್ಟಿಸಿದವ್ರು ನೀವ ಅಲ್ರಿ?"

"ಹೂಂ," ಅಂದೆ. ಆ ಹೂಂ ಯಾವ ಬಾಡಿಗೆದಾರನ ದನಿಯಲ್ಲಿ ಬಂತೋ ತಿಳಿಯಲಿಲ್ಲ.

ಸಹಿ ಹಾಕಿದರೆ ನಲವತ್ತು ಕಂತು, ಹೆಸರು, ನಾನು ಕಾಲೇಜಿನಿಂದ ಕನಸಿದ್ದೆಲ್ಲ. ಹಾಕದಿದ್ದರೆ ಯಾಕೆ ಹಾಕುವುದಿಲ್ಲ ಎಂದು ಹೇಳಬೇಕು. ಹೇಳಿದರೆ ಆಣೆ ಮುರಿಯಿತು. ಬಸ್ಸು ಹೊರಡಲು ಗುರುಗುಟ್ಟಿತು. ಆಗ ಮುಂದಿನ ಬಾಗಿಲಿನಿಂದ ಒಂದು ಕೈ, ಕೈಯಲ್ಲಿ ಬಟ್ಟೆ ಸುತ್ತಿದ ಎರಡು ಲೀಟರಿನ ಬಾಟಲಿ, ಅದರ ಹಿಂದೆ ಒಂದು ಗಂಟು, ಗಂಟಿನ ಹಿಂದೆ ಅಲ್ಲವ್ವಾಯಿ.

ಆಯಿ ಇರುವುದು ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ, ಒಬ್ಬಳೇ. ತಂಗಿ ಸತ್ತು ಎರಡು ವರ್ಷವಾಯಿತು, ಅಂದಿನಿಂದ ಅಲ್ಲಿ ಆಕೆಯ ಮಾತಿಗೆ ಮಾತು ಕೊಡುವವರಿಲ್ಲ. ಆಕೆಯ ಫೋನಿನಲ್ಲಿ ಚಿತ್ರ ಬರುವುದಿಲ್ಲ, ಬರೇ ದನಿ. ಹೀಗಾಗಿ ಕೆಂಪಾಯಿಯ ಸುದ್ದಿ ಆಕೆಗಿಲ್ಲ. ತಿಂಗಳಿಗೊಮ್ಮೆ ನಾನು ಹೋಗಿ ಎರಡು ಮೂರು ದಿನ ಕೂತು ಮಾತು ಕೇಳಿಕೊಂಡು ಬರುತ್ತಿದ್ದೆ. ಮೊಮ್ಮಗನಿಗೆ ಎಷ್ಟು ಮಮತೆ ಎಂದು ಆಕೆ ಹಿಗ್ಗುತ್ತಿದ್ದಳು. ಆಕೆ ಕೊಟ್ಟ ಮಾತನ್ನು ಆಕೆಯದೇ ದನಿಯಲ್ಲಿ, ಆಕೆಯದೇ ಕತ್ತಿನ ಕೊಂಕಿನೊಂದಿಗೆ, ಊರಿಗೆಲ್ಲ ಹಂಚುತ್ತಿದ್ದೆ. ಕೆಂಪಾಯಿ ಬೇರೆ ಯಾರೂ ಅಲ್ಲ.

ಆಯಿ ಮೂಡಲಗಿಗೆ, ಮಗನ ಮನೆಗೆ ಹೊರಟಿದ್ದಳು. ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು. ಓಂಕಾರನ ಟೊಪ್ಪಿಗೆ ಇಸಿದುಕೊಂಡು ನಾನು ಕಣ್ಣಿನವರೆಗೆ ಎಳೆದೆ.

"ಫ್ಯಾನ್ಸ್ ಕಾಟ ಬ್ಯಾಡಂತೀರೇನು?" ಅಂದ ಓಂಕಾರ ಮೆಚ್ಚುಗೆಯಿಂದ.

"ಒಬ್ರ ಫ್ಯಾನ್ ಅದಾರ," ಅಂದೆ.

ಗೋಕಾಕ ಇನ್ನೂ ಹದಿನೈದು ಕಿಲೋಮೀಟರ್ ಇರುವಾಗ ಬಸ್ಸು ನಿಂತಿತು. ಮುಂದೆ ಕಬ್ಬಿನ ಎರಡು ಟ್ರೇಲರುಗಳು ರಸ್ತೆಗೆ ಅಡ್ಡಬಿದ್ದು, ಕಬ್ಬು ಹಾಸಿಗೆ ಹಾಸಿದಂತೆ ಚೆಲ್ಲಿತ್ತು. ಹಿಂದೆ ಬೇರೆ ಟ್ರ್ಯಾಕ್ಟರುಗಳು ಬಂದು ಅಂಟಿಕೊಂಡವು. ಎಡಕ್ಕೆ ಕಬ್ಬಿನ ಹೊಲ, ಬಲಕ್ಕೆ ಇನ್ನೊಂದು ಬಸ್ಸು ಒರಗಿ ನಿಂತಿತು. ಅದರ ಕಿಟಕಿಯಲ್ಲಿ ಕೂತಿದ್ದವನ ಮೀಸೆ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ. ಎರಡೂ ಬಾಗಿಲು ಅರ್ಧ ತೆರೆದು ಕಬ್ಬಿನ ಹೊರೆಗೆ ಬಡಿದು ನಿಂತವು.

ಕಂಡಕ್ಟರ್ ಬಸವಣ್ಣೆಪ್ಪ ತಲೆ ಹೊರಗೆ ಹಾಕಿ ನೋಡಿ ಒಳಗೆಳೆದುಕೊಂಡ. "ಎರಡ್ ತಾಸು. ಯಾರೂ ಇಳ್ಯಾಕ ಆಗಂಗಿಲ್ಲ, ಹತ್ತಾಕ ಆಗಂಗಿಲ್ಲ. ಕಿಡಕ್ಯಾಗಿಂದ ಕಬ್ಬು ಜಗ್ಗಿ ತಿನ್ರಿ, ಟಿಕೀಟ್ ಇಲ್ಲದಕ."

"ಹಲ್ಲಿರಬೇಕಲ್ಲೋ ಯಪ್ಪಾ," ಅಂದಳು ಆಯಿ. ಬಸ್ಸು ನಕ್ಕಿತು.

ಅರ್ಧ ತಾಸಿನಲ್ಲಿ ಬಸ್ಸು ಕಾದ ಹಂಚಾಯಿತು. ಮಕ್ಕಳು ಅತ್ತವು. ನೀರಿನ ಬಾಟಲಿಗಳು ಒಂದೊಂದಾಗಿ ಬರಿದಾದವು. ಓಂಕಾರ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತಿದ್ದ. 'ನನ್ನ ಕಲ್ಪನೆ' ನನ್ನ ಮೂಗಿನ ಮುಂದೆ ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು. ನಾನು ಕಿಟಕಿಯ ಕಡೆಗೆ ಕುತ್ತಿಗೆ ತಿರುಗಿಸಿ ಕೂತಿದ್ದೆ, ಅಲ್ಲಿ ಮೀಸೆಯವನು ನನ್ನನ್ನೇ ನೋಡುತ್ತಿದ್ದ.

ಆಯಿಗೆ ಒಂದು ಅಭ್ಯಾಸ. ಪ್ರತಿ ಬಸ್ಸಿನಲ್ಲಿ, ಪ್ರತಿ ಸ್ಟ್ಯಾಂಡಿನಲ್ಲಿ ಒಮ್ಮೆ ನೀರು ಚಾಚಿ ಕೇಳುತ್ತಾಳೆ. ಮೂವತ್ತೆರಡು ಒಲೆಯವರಲ್ಲಿ ಯಾರಾದರೂ ಇದ್ದಾರು ಎಂದು. ಎರಡು ವರ್ಷದಿಂದ ಯಾರೂ ಉತ್ತರ ಕೊಟ್ಟಿಲ್ಲ. ಜನ ಅರಳುಮರಳು ಅಂದುಕೊಂಡು ಮುಖ ತಿರುಗಿಸುತ್ತಾರೆ. ಈಗಲೂ ಆಕೆ ಎದ್ದು, ಒಂದು ಕೈಯಲ್ಲಿ ಕಂಬ ಹಿಡಿದು, ಇನ್ನೊಂದರಲ್ಲಿ ಬಾಟಲಿ ಎತ್ತಿ, ಯಾರ ಮುಖವನ್ನೂ ನೋಡದೆ, ವಾಡಿಕೆಯಂತೆ ಕೇಳಿದಳು:

"ಸಿರಕಿ ಲೋಯಾ?"

"ಲೋಯಿ," ಅಂದಿತು ಇಡೀ ಬಸ್ಸು.

ಬಾಗಿಲ ಬಳಿ ನಿಂತವರು ಅಂದರು. ಹಿಂದಿನ ಸೀಟಿನ ಐದು ಕಾಲೇಜು ಹುಡುಗರು ಅಂದರು. ಮಗುವಿಗೆ ಗಾಳಿ ಹಾಕುತ್ತಿದ್ದ ಹೆಂಗಸು ಅಂದಳು. ಬಸವಣ್ಣೆಪ್ಪ ಟಿಕೀಟಿನ ಮಷೀನಿನಿಂದ ಕಣ್ಣು ತೆಗೆಯದೆಯೇ ಅಂದ. ಪಕ್ಕದ ಬಸ್ಸಿನ ಮೀಸೆಯವನೂ ಅಂದ.

ಆಯಿಯ ಕೈ ಗಾಳಿಯಲ್ಲೇ ನಿಂತಿತು. ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಅವಳ ಮುಖ ನೋಡಿದೆ, ನೋಡಬಾರದಿತ್ತು. ದಾರಿ ತಪ್ಪಿದ ಮುದುಕಿ ಒಂದು ಬಾಗಿಲು ತಟ್ಟಿದಾಗ ತನ್ನದೇ ಮನೆಯವರು ಬಂದು ತೆಗೆದಂತೆ ಇತ್ತು ಆ ಮುಖ.

"ಇಷ್ಟ ಮಂದಿ," ಅಂದಳು ಸಣ್ಣಗೆ. "ಇಷ್ಟ ಮಂದಿ ಎಲ್ಲಿದ್ರಿ ಇಷ್ಟ ದಿನ?"

ಆಮೇಲೆ ಆಕೆ ಮಾಡಿದ್ದು ನಮ್ಮ ಪದ್ಧತಿ ಮಾಡೆನ್ನುವುದನ್ನೇ. ಲೋಯಿ ಅಂದವನಿಗೆ ನೀರು ಕೊಡಬೇಕು. ಬಾಟಲಿಯ ಮುಚ್ಚಳ ತಿರುವಿ ಮೊದಲ ಸೀಟಿನಿಂದ ಶುರು ಮಾಡಿದಳು. ಮುಚ್ಚಳದಲ್ಲೇ ಒಬ್ಬೊಬ್ಬರಿಗೆ ಒಂದು ಗುಟುಕು. ಜನ ನಗುತ್ತ ಕುಡಿದರು, ಫೋನು ಎತ್ತಿ ಹಿಡಿದರು. ನಾಲ್ಕನೆಯ ಸಾಲಿನಲ್ಲಿ ಒಬ್ಬ ಹುಡುಗಿ, ನರ್ಸಿಂಗ್ ಕಾಲೇಜಿನ ಬಿಳಿ ಕೋಟು ಮಡಿಲಲ್ಲಿ ಮಡಚಿಟ್ಟುಕೊಂಡವಳು, ಫೋನನ್ನು ಮುಂದಿನ ಸೀಟಿಗೆ ಒರಗಿಸಿ ಎಲ್ಲವನ್ನೂ ಲೈವ್ ಬಿಡುತ್ತಿದ್ದಳು. ಹೆಸರು ಆಮ್ರಪಾಲಿ ಎಂದು ಆಮೇಲೆ ತಿಳಿಯಿತು.

"ಆಯಿ, ನೀವೂ ಕೆಂಪಾಯಿನ ನೋಡ್ತೀರಲ್ರಿ? ಆಕಿ ಹಂಗ ಮಾತಾಡ್ತೀರಿ. ಆಕಿಗಿಂತ ಛಲೋ ಮಾಡ್ತೀರಿ ಬಿಡ್ರಿ."

ಆಯಿಗೆ ಇದಾವುದೂ ತಲೆಗೆ ಹೋಗಲಿಲ್ಲ. ಹುಡುಗಿಯ ಗಲ್ಲ ಹಿಡಿದು ಕೇಳಿದಳು: "ಕೇನಿ ಚೂಲಿ?"

ಆಮ್ರಪಾಲಿ ಇದಕ್ಕೂ ತಯಾರಿದ್ದಳು. "ಕೆಂಪಾಯೀನಿ ಚೂಲಿ," ಅಂದಳು. ಕೆಂಪಾಯಿಯ ಒಲೆ. ಬಸ್ಸು ಚಪ್ಪಾಳೆ ತಟ್ಟಿತು.

ಆಯಿಯ ಹುಬ್ಬು ಗಂಟಾಯಿತು. ಬೆರಳು ಮಡಿಚುತ್ತ ಮೂವತ್ತೆರಡು ಒಲೆಗಳನ್ನೂ ಮನಸ್ಸಿನಲ್ಲೇ ಒಮ್ಮೆ ಸುತ್ತಿ ಬಂದಳು. "ಕೆಂಪಾಯಿ ಅನ್ನಾಕಿ ನಮ್ಮ ಪೈಕಿ ಯಾರೂ ಇಲ್ಲವಾ ತಂಗೀ. ಯಾರಕಿ?"

"ಯಾರ ಅಂದ್ರ?" ಆಮ್ರಪಾಲಿಗೆ ನಗು. "ಹಿಂತಾ ಭಾಷಾ ಹುಟ್ಟಿಸಿದಾಕಿ."

"ಯಾರ ಹುಟ್ಟಿಸಿದ್ರು?" ಅಂದಳು ಆಯಿ.

ಆ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಓಂಕಾರನದಾಗಿರಲಿಲ್ಲ. ಆದರೆ ಅವನ ಪಾಲಿಗೆ ಇದು ಹಬ್ಬ. ಅವನು ಎದ್ದು ನಿಂತು ನನ್ನ ತಲೆಯ ಮೇಲಿನ ಟೊಪ್ಪಿಗೆಯನ್ನು, ಜಾದೂಗಾರ ಬಟ್ಟೆ ಸರಿಸುವಂತೆ, ಎತ್ತಿದ. "ಇಲ್ಲೇ ಅದಾರ್ರಿ ಹುಟ್ಟಿಸಿದವ್ರು. ಕೆಂಪಾಯಿ ಅಂದ್ರ ಇವ್ರ. ಲಖನ ಸರ್."

ಬಸ್ಸು ಒಮ್ಮೆಗೇ ನನ್ನತ್ತ ಹೊರಳಿತು. ಫೋನುಗಳೂ ಹೊರಳಿದವು. ಸೀಟು ಕಿಟಕಿಯದು, ಒಂದು ಪಕ್ಕ ಓಂಕಾರನ ಹೊಟ್ಟೆ, ಇನ್ನೊಂದು ಪಕ್ಕ ಆಚೆ ಬಸ್ಸಿನ ಮೀಸೆ. ಎದ್ದು ಹೋಗುವ ದಾರಿ ಇರಲಿಲ್ಲ, ಕೂತಿರುವ ಮುಖವೂ ಇರಲಿಲ್ಲ.

ಆಯಿ ಎರಡು ಸೀಟು ದಾಟಿ ಬಂದಳು. ಗಡಿಬಿಡಿ ಮಾಡಲಿಲ್ಲ. ನಡುವೆ ಲೋಯಿ ಅಂದವರಿಗೆ ಗುಟುಕು ಕೊಡುತ್ತಲೇ ಬಂದಳು. ನನ್ನ ಎದುರು ನಿಂತಾಗ ಬಾಟಲಿಯ ತಳದಲ್ಲಿ ನಾಲ್ಕು ಬೆರಳು ನೀರಿತ್ತು. ನನ್ನನ್ನು ಮಗನೇ ಎನ್ನಲಿಲ್ಲ. ಬಾಟಲಿ ಚಾಚಿದಳು.

"ಸಿರಕಿ ಲೋಯಾ?"

ಓಂಕಾರ ಕಿವಿಯಲ್ಲಿ ಅಂದ: "ಹೊಡೀರಿ ಸರ್, ಕೆಂಪಾಯಿ ದನಿ ಹೊಡೀರಿ. ಕಂಟೆಂಟ್ ತಾನಾಗಿ ಬಂದೈತಿ."

ಉತ್ತರ ಕೊಟ್ಟರೆ ಅಪ್ಪನ ಅಂಗಡಿಯಲ್ಲಿ ಕೈಯಿಟ್ಟ ಮಿಕ್ಸರು. ಕೊಡದಿದ್ದರೆ ಆಯಿಯ ಬಾಟಲಿ.

"ಸಿರಕಿ ಲೋಯಾ?" ಎರಡನೆಯ ಸಲ. ದನಿ ಏರಲಿಲ್ಲ, ಇಳಿಯಲಿಲ್ಲ. ಅಷ್ಟರಲ್ಲಿ ಬಸ್ಸಿಗೆ ಏನೋ ಅನಿಸಿರಬೇಕು; ನಗು ತೆಳ್ಳಗಾಯಿತು. ಆಮ್ರಪಾಲಿ ಮಾತ್ರ ನನಗೆ ನೆನಪು ಹಾರಿದೆ ಎಂದುಕೊಂಡು ತುಟಿ ಅಲ್ಲಾಡಿಸಿ ತೋರಿಸುತ್ತಿದ್ದಳು: ಲೋ... ಯಿ...

"ಸಿರಕಿ ಲೋಯಾ?"

ಮೂರನೆಯದು. ಆಯಿ ಕಾದಳು. ಆಮೇಲೆ ಬಾಟಲಿಯನ್ನು ನಿಧಾನವಾಗಿ ಬಸ್ಸಿನ ನೆಲದ ಕಡೆಗೆ ಬಾಗಿಸಿದಳು. ನೀರು ಬಾಟಲಿಯ ಕುತ್ತಿಗೆಯವರೆಗೆ ಬಂದು ನಿಂತಿತು. ಆಕೆಯ ಕೈ ನಡುಗುತ್ತಿತ್ತು, ಆದರೂ ನಿಲ್ಲುವ ಕೈಯಲ್ಲ ಅದು. ನನಗೆ ಅದು ಗೊತ್ತಿತ್ತು, ಆ ಕೈಯ ನಡುಕವನ್ನೂ ನಾನು ನಕಲು ಮಾಡುತ್ತೇನೆ.

"ಲೋಯಿ," ಅಂದೆ.

ಬಂದದ್ದು ಕೆಂಪಾಯಿಯ ದನಿ. ಅದೇ ಬೊಚ್ಚುಬಾಯಿ, ಅದೇ ಕೊಂಕು. ಬಸ್ಸು ಬಿದ್ದು ಬಿದ್ದು ನಕ್ಕಿತು. ಪಕ್ಕದ ಬಸ್ಸೂ ನಕ್ಕಿತು. ಆಯಿ ತನ್ನದೇ ದನಿ ಮೊಮ್ಮಗನ ಬಾಯಿಂದ ಬಂದದ್ದನ್ನು ಕೇಳಿ, ಕನ್ನಡಿಯಲ್ಲಿ ಅಪರಿಚಿತರನ್ನು ಕಂಡಂತೆ ನೋಡಿದಳು.

"ಅದು ನನ್ನ ದನಿ," ಅಂದಳು. "ಅದನ್ನ ಕೆಳಗ ಇಡು. ನಿಂದು ಎಲ್ಲೈತಿ?"

ನನ್ನದು. ಹುಡುಕಿದೆ. ಸರ್ ಇದ್ದರು, ಸವಾಲಿನವನಿದ್ದ, ಬಸ್ಸಿನ ಗೇರೂ ಇತ್ತು. ಈ ಮಾತಿಗೆ ನನ್ನ ದನಿ ಎನ್ನುವುದೇ ಇರಲಿಲ್ಲ. ಹತ್ತನೆಯ ವಯಸ್ಸಿಗೆ ಆಣೆ ಮಾಡಿದ ಮೇಲೆ ನಮ್ದುವನ್ನು ನಾನಾಗಿ ಆಡಿಯೇ ಇಲ್ಲ. ದಡ್ಡಿಯಲ್ಲಿ ಆಯಿ ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಆಮೇಲೆ ನನ್ನ ದನಿ ಒಡೆದು ಗಂಡಸಿನದಾದಾಗ ಈ ಮಾತು ಅದರೊಳಗೆ ಇರಲಿಲ್ಲ.

"ಲೋಯಿ," ಅಂದೆ ಮತ್ತೆ. ಹತ್ತು ವರ್ಷದ ಹುಡುಗನ ಕೀರಲು ದನಿ ಹೊರಗೆ ಬಂತು, ಅರ್ಧದಲ್ಲಿ ಸೀಳಿ ಗಂಡಸಿನದಾಯಿತು. "ಅಲ್ಲವ್ವೀನಿ ಚೂಲಿ." ಅಲ್ಲವ್ವನ ಒಲೆ.

"ಹೊಸಾ ಕ್ಯಾರೆಕ್ಟರ್," ಅಂದ ಹಿಂದಿನ ಸೀಟಿನ ಹುಡುಗನೊಬ್ಬ. "ಕೆಂಪಾಯಿ ಮೊಮ್ಮಗ."

"ಕ್ಯಾರೆಕ್ಟರ್ ಅಲ್ಲೋ," ಅಂದೆ ಕನ್ನಡದಲ್ಲಿ. "ಈಕಿ ನಮ್ಮಾಯಿ. ಈ ಭಾಷಾ ನಾ ಹುಟ್ಟಿಸಿದ್ದಲ್ಲ. ಈಕಿದು. ನಮ್ಮ ಮಂದೀದು."

"ಏನ್ ಆ್ಯಕ್ಟಿಂಗ್ ಮಾಡ್ತಾರಪಾ," ಅಂದಿತು ಬಸ್ಸು, ತಲೆದೂಗಿತು. ಮಗುವಿನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು "ಖರೇನ ಅನಸ್ತೈತಿ ನೋಡು" ಎಂದು ಪಕ್ಕದವಳಿಗೆ ಹೇಳಿದಳು.

ಜೀವನದಲ್ಲಿ ಮೊದಲ ಸಲ ಮಂದಿಯ ಮುಂದೆ ನಿಜ ಹೇಳಿದ್ದೆ. ಇಷ್ಟು ವರ್ಷ ದನಿ ಕದ್ದ ತಪ್ಪಿಗೆ ನನ್ನ ದನಿಯನ್ನೂ ಯಾರಿಂದಲೋ ಕದ್ದದ್ದೆಂದೇ ತಿಳಿದರು. ಹೊರಗೆ ಬರಲು ಒಂದು ಬಾಗಿಲು ತೆರೆದರೆ ಆಚೆಯೂ ಕಬ್ಬಿನ ಹೊರೆ.

ನಂಬಿದವಳು ಒಬ್ಬಳೇ. ಆಯಿ ಉಳಿದ ನೀರನ್ನೆಲ್ಲ ನನ್ನ ಬೊಗಸೆಗೆ ಹಾಕಿದಳು. ಕುಡಿದೆ, ಬಿಸಿಯಾಗಿತ್ತು. ಆಕೆ ಓಂಕಾರನ ಜಾಗವನ್ನು ನೋಡಿದಳು, ಓಂಕಾರ ಯಾಕೋ ಎದ್ದು ಕೊಟ್ಟ. ನನ್ನ ಪಕ್ಕ ಕೂತು ನಮ್ದುವಿನಲ್ಲೇ ಕೇಳಿದಳು, ಓಂಕಾರ ಬೀಸಿಕೊಳ್ಳುತ್ತಿದ್ದ ಕಾಗದದಲ್ಲಿ ಏನು ಬರೆದಿದೆ ಎಂದು, ಕೇಳಿದ ಮೇಲೆ ಬಾಯಿ ಯಾಕೆ ಮುಚ್ಚಿದ್ದೆ ಎಂದು.

ಅವಳ ಮಾತಿನಲ್ಲೇ ಉತ್ತರಿಸಬೇಕು. ತಡವರಿಸುತ್ತ ಹೇಳಿದೆ. ಅಪ್ಪನ ಕಂಬ, ಹಗ್ಗ, ಮಿಕ್ಸರ್ ಮೇಲಿನ ಆಣೆ. ನೀನು ಕೊಟ್ಟ ಮಾತನ್ನು ನನ್ನದೇ ಎಂದು ಬರೆದುಕೊಡಲು ಹೊರಟಿದ್ದೇನೆ ಎಂದೆ. ಯಾಕೆಂದರೆ ನನಗೆ... ಅಲ್ಲಿ ಸಿಕ್ಕಿಹಾಕಿಕೊಂಡೆ. ಹೆದರಿಕೆಗೆ ನಮ್ದುವಿನಲ್ಲಿ ಒಂದು ಮಾತಿದೆ, ಅದು ಬರಲಿಲ್ಲ. ಆಯಿ ಹೇಳಿಕೊಡಲಿಲ್ಲ.

"ಬಿರಮಿ," ಅಂದಳು ಮುಂದಿನ ಸಾಲಿನಿಂದ ಆಮ್ರಪಾಲಿ. "ಬಿರಮಿ ಅಲ್ರಿ ಸರ್? ಮಿಕ್ಸರ್ ಎಪಿಸೋಡಿನ್ಯಾಗ ಐತೆಲ್ರಿ. ಕೆಂಪಾಯಿ ಮಿಕ್ಸರ್ ಚಾಲೂ ಆದಕೂಡ್ಲೆ ಬಿರಮಿ, ಬಿರಮಿ ಅಂತ ಓಡ್ತಾಳ."

"ಬಿರಮಿ," ಅಂದೆ ಆಯಿಗೆ. ನನಗೆ ಬಿರಮಿ.

ಆಯಿ ತಲೆ ಎತ್ತಿ ಆಮ್ರಪಾಲಿಯನ್ನು ನೋಡಿದಳು. ಆಮ್ರಪಾಲಿಗೆ ಆಗಲೇ ಹೊಳೆದದ್ದು. ಹುಡುಗಿಯ ನಗು ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ. "ಸರ್," ಅಂದಳು ಮೆಲ್ಲಗೆ, "ಇದು ಖರೆ ಭಾಷಾ ಏನ್ರಿ?"

ನಾನು ಹೌದೆಂದು ತಲೆಯಾಡಿಸಿದೆ. ಆಕೆ ಎದ್ದು ಬಂದು ಆಯಿಯ ಮುಂದೆ ನಿಂತಳು. "ತಪ್ಪಾತ್ರಿ ಆಯಿ. ನಾವು ನಗಸಾಕ ಮಾಡಿದ್ದಂತ ತಿಳದಿದ್ವಿ."

"ನಕ್ರ ಏನಾತು," ಅಂದಳು ಆಯಿ. "ನಾವೇನ್ ಆಗ ಅಳ್ಕೋತ ಕಲ್ಲ ಬಡೀತಿದ್ವೇನು? ನೀ ಹೇಳು. ಕೇನಿ ಚೂಲಿ? ಆ ಕೆಂಪಾಯಿ ಒಲಿ ಬ್ಯಾಡ. ನಿಂದು ಹೇಳು."

ಆಮ್ರಪಾಲಿ ಯೋಚಿಸಿದಳು. "ನಮ್ಮವ್ವನ ಹೆಸರು ಸಪ್ನಾ ರಿ. ಊರು ಮೇಲವಂಕಿ."

"ಹಂಗಾದ್ರ ಸಪ್ನಾನಿ ಚೂಲಿ ಅನ್ನು."

"ಸಪ್ನಾನಿ ಚೂಲಿ."

ಆಯಿ ಒಂದು ಬೆರಳು ಮಡಿಚಿದಳು. ಮೂವತ್ತೆರಡು ಆದ ಮೇಲೆ ಮಡಿಚಿದ ಬೆರಳು ಅದು. ಪದ್ಧತಿ ಒಲೆ ಯಾವುದೆಂದು ಕೇಳುತ್ತದೆ. ಹೊಸ ಒಲೆ ಕೂಡದೆಂದು ಎಲ್ಲೂ ಹೇಳಿಲ್ಲ. ನಮ್ಮವರಲ್ಲಿ ಯಾರೂ ಇಲ್ಲಿಯವರೆಗೆ ಅದನ್ನು ಗಮನಿಸಿರಲಿಲ್ಲ, ಯಾಕೆಂದರೆ ಯಾರೂ ಬಂದಿರಲಿಲ್ಲ.

ಕಬ್ಬು ತೆಗೆದು ದಾರಿಯಾಗುವಾಗ ಮೂರೂವರೆ. ಗೋಕಾಕ ಸ್ಟ್ಯಾಂಡಿನಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ಆಮ್ರಪಾಲಿಯೂ ಅಲ್ಲೇ ಇಳಿಯಬೇಕಿತ್ತು. ಇಳಿಯದೆ ಮುಂದಿನ ಟಿಕೀಟು ಕೇಳಿದಳು. ಬಸವಣ್ಣೆಪ್ಪ "ಫೋನಿನ ಚಾರ್ಜ್ ಮುಗದಿಲ್ಲೇನವಾ ಇನ್ನ" ಎನ್ನುತ್ತ ಹರಿದುಕೊಟ್ಟ.

ಓಂಕಾರ ಕಾಗದ ಮಡಿಚಿಕೊಂಡು ಬಾಗಿಲಲ್ಲಿ ನಿಂತ. "ಸರ್, ವಕೀಲರು ಇನ್ನೂ ಆಫೀಸಿನ್ಯಾಗ ಕುಂತಾರ. ಆಯಿನೂ ಧಾರಾವಾಹಿಯೊಳಗ ತರೋಣು. ಆ ಸಾಲೊಂದು ಇರಲಿ, ಯಾರ ಓದ್ತಾರ ಅದನ್ನ?"

"ನಾ ಓದೀನಲ್ರಿ," ಅಂದೆ.

ಅವನು ಇಳಿದ. ನಾನೂ ಇಳಿಯಬಹುದಿತ್ತು. ಈಗ ಎರಡೂ ಬಾಗಿಲು ಪೂರ್ತಿ ತೆರೆದಿದ್ದವು, ಪಕ್ಕದಲ್ಲಿ ಯಾವ ಮೀಸೆಯೂ ಇರಲಿಲ್ಲ. ಗೋಕಾಕದಲ್ಲಿ ನನ್ನ ಕೋಣೆಯಿದೆ, ಹಸಿರು ಸೀರೆಯಿದೆ. ಆಯಿ ನನ್ನ ಮಣಿಕಟ್ಟಿನ ಮೇಲೆ ಸುಮ್ಮನೆ ಕೈ ಇಟ್ಟಿದ್ದಳು, ಹಿಡಿದಿರಲಿಲ್ಲ. ಬಸ್ಸು ಹೊರಟಿತು. ಮೂಡಲಗಿಗೆ ಮುಕ್ಕಾಲು ತಾಸು. ಕಬ್ಬಿನ ನಡುವೆ ಸಿಕ್ಕಿಬಿದ್ದಾಗ ಇಷ್ಟು ಉಸಿರು ಕಟ್ಟಿರಲಿಲ್ಲ.

ಊರು ದಾಟುವಷ್ಟರಲ್ಲಿ ಫೋನು ಬಡಿದುಕೊಂಡಿತು. ತೆರೆಯ ಮೇಲೆ 'ಅಪ್ಪ'. ಎಂಟು ತಿಂಗಳ ಮೇಲೆ.

ಆಮ್ರಪಾಲಿಯ ಕಡೆ ನೋಡಿದೆ. ಆಕೆ ಹಲ್ಲಿನ ನಡುವೆ ನಾಲಿಗೆ ಕಚ್ಚಿಕೊಂಡಳು. "ಲೈವ್ ಬಂದ್ ಮಾಡೇ ಇಲ್ರಿ ಸರ್. ಮೊದಲಿಂದ ಎಲ್ಲಾ ಹೋಗೈತಿ."

ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದರೆ ಯಾವ ದನಿಯಲ್ಲಿ ಮಾತಾಡುವುದು ಎಂದು ನನಗೆ ತಿಳಿಯಲಿಲ್ಲ. ಹನ್ನೊಂದು ಮಂದಿಯಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ ಒತ್ತಿ ಕಿವಿಗಿಟ್ಟೆ. ಆ ಕಡೆ ಅಂಗಡಿಯ ಸದ್ದು, ಯಾವುದೋ ಮಿಕ್ಸರ್ ತಿರುಗಿ ನಿಂತದ್ದು.

ಆಯಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಅದನ್ನು ಬಾಯಿಯ ಮುಂದೆ, ನೀರಿನ ತಂಬಿಗೆ ಹಿಡಿಯುವಂತೆ, ಎರಡೂ ಕೈಯಲ್ಲಿ ಹಿಡಿದಳು.

"ಕಲ್ಲಪ್ಪಾ," ಅಂದಳು. "ಸಿರಕಿ ಲೋಯಾ?"

ಉತ್ತರ ಬರಲಿಲ್ಲ. ಫೋನು ಕಟ್ಟೂ ಆಗಲಿಲ್ಲ. ಬಸವಣ್ಣೆಪ್ಪ ಡ್ರೈವರನಿಗೆ ಏನೋ ಹೇಳಿರಬೇಕು, ಬಸ್ಸು ನಿಧಾನವಾಯಿತು. ಉಳಿದ ಹತ್ತು ಹನ್ನೆರಡು ಮಂದಿಗೆ ಉತ್ತರ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಆಯಿಯ ಕಾಲ ಬಳಿ ಬರಿದಾದ ಬಾಟಲಿ ಆಚೆ ಈಚೆ ಉರುಳುತ್ತಿತ್ತು. ಸುರಿಯಬೇಕೆಂದರೂ ಅದರಲ್ಲಿ ಹನಿ ನೀರಿರಲಿಲ್ಲ.

ಆಯಿ ಎರಡನೆಯ ಸಲ ಕೇಳಿದಳು.